ಚಾವಣಿಗೊಬ್ಬ ದಾನಿ

ಎಂಎಸ್ ಓದುವಾಗ ಡಬ್ಲಿನ್ ಹೊರವಲಯದ ನಮ್ಮ ಕಾಲೇಜಿನ ದೇಣಿಗೆ ವಿಭಾಗದಲ್ಲಿ ನನಗೊಂದು ಪಾರ್ಟ್‌ಟೈಮ್ ಕೆಲಸ ಸಿಕ್ಕಿತ್ತು. ಶ್ರೀಮಂತ ಹಳೆಯ ವಿದ್ಯಾರ್ಥಿಗಳು ಬಂದಾಗ, ಅವರದೇ ಹೆಸರು ಹೊತ್ತ ಕಟ್ಟಡಗಳನ್ನು ಅವರಿಗೇ ತೋರಿಸುವ ಕೆಲಸ. ಒಂದು ಶನಿವಾರ ಬಂದವರು ಕಾಲೇಜಿನ ಪರ ರಗ್ಬಿ ಆಡಿದ್ದ ಹಿರಿಯ ಉದ್ಯಮಿ. ರಗ್ಬಿ ಹುಡುಗರಿಗೆ ಆಗಲೇ ಜಿಮ್, ಗ್ಯಾಲರಿ, ಆಟದ ಮೈನೋವು ಇಳಿಸಲು ಕೂರುವ ಐಸ್ ನೀರಿನ ತೊಟ್ಟಿ ಎಲ್ಲ ಕೊಟ್ಟಿದ್ದರು.

“ಹುಡುಗಿಯರ ಹಾಕಿ ರೂಮಿನ ಕಡೆ ಮಾತ್ರ ಕರ್ಕೊಂಡು ಹೋಗ್ಬೇಡ,” ಎಂದು ಮ್ಯಾನೇಜರ್ ಮೇಡಂ ಎಚ್ಚರಿಸಿದ್ದರು. ಆ ತಂಡದ ಗೋಲ್‌ಕೀಪರ್ ನಾನೇ.

ಮೈದಾನದ ನಡುವೆ ಇದ್ದಾಗ ಮಳೆ ಜೋರಾಯಿತು. ಹತ್ತಿರ ಇದ್ದದ್ದು ಆ ರೂಮೊಂದೇ. ಓಡಿಹೋಗಿ ಒಳಗೆ ನಿಂತೆವು. ಒಳಗೂ ಮಳೆ ಬರುತ್ತಿತ್ತು.

ತಲೆ ಒರೆಸಿಕೊಳ್ಳುತ್ತಾ ಅವರು ಕೇಳಿದರು, “ಇದನ್ನ ಯಾಕೆ ಯಾರೂ ರಿಪೇರಿ ಮಾಡಿಸಿಲ್ಲ?”

“ಚಾವಣಿಗೆ ದುಡ್ಡು ಕೊಟ್ರೆ ದಾನಿಗಳ ಹೆಸರು ಎಲ್ಲಿ ಹಾಕೋದು ಸರ್?”

“ಮೇಲೆ ಹಾಕ್ಬಹುದಲ್ಲ?”

“ಹಾಕ್ಬಹುದು. ವಿಮಾನದಲ್ಲಿ ಹೋಗೋರಿಗೆ ಚೆನ್ನಾಗಿ ಕಾಣತ್ತೆ.”

ಕೆಲಸ ಹೋಯಿತು ಅಂದುಕೊಂಡೆ. ಅವರು ನಗಲಿಲ್ಲ. ಗಂಭೀರವಾಗಿ ಮೇಲೆ ನೋಡಿ, “ಗ್ರ್ಯಾಂಡ್,” ಎಂದರು. ಐರಿಷ್ ಜನರ ಬಾಯಲ್ಲಿ ಅದಕ್ಕೆ ‘ಸರಿ, ಹಾಗೇ ಆಗಲಿ’ ಎಂದಷ್ಟೇ ಅರ್ಥ.

ಎರಡು ತಿಂಗಳಲ್ಲಿ ಹೊಸ ಚಾವಣಿ ಬಂತು, ಅದರ ಮೇಲೆ ಆಳೆತ್ತರದ ಬಿಳಿ ಅಕ್ಷರಗಳಲ್ಲಿ ಅವರ ಹೆಸರೂ ಬಂತು. ನಾವು ಮೊದಲ ಬಾರಿಗೆ ಒಣಗಿದ ಸಾಕ್ಸ್ ಹಾಕಿಕೊಂಡು ಮೈದಾನಕ್ಕೆ ಇಳಿದೆವು. ಮರುದಿನ ಮೇಡಂ ಕರೆಸಿದರು. ಬೈಸಿಕೊಳ್ಳಲು ಸಿದ್ಧವಾಗಿಯೇ ಹೋದೆ. ಅವರು ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳಿದರು:

“ಮುಂದಿನ ವಾರ ಇನ್ನೊಬ್ಬರು ಬರ್ತಿದ್ದಾರೆ. ಬೇರೆ ಎಲ್ಲಾದ್ರೂ ಸೋರ್ತಾ ಇದೆಯಾ?”