ಅಕ್ಕನ ಅರ್ಧ ಮಾತು

ಅಂದು ಬೆಳಿಗ್ಗೆ ಅಕ್ಕ ಹಿಟ್ಟು ನಾದುತ್ತ, “ಅದನ್ನ ಕೊಡ,” ಅಂದಳು. ನೀರಿನ ತಂಬಿಗೆ ಕೊಟ್ಟೆ. ಸ್ವಲ್ಪ ಹೊತ್ತಿಗೆ, “ಅದು... ಇದರಾಗ... ಅದನ್ನ,” ಅಂದಳು. ಒಣಹಿಟ್ಟು ಸರಿಸಿದೆ.

ನನಗೇನೂ ಅನಿಸಲಿಲ್ಲ.

ಸವದತ್ತಿಯ ಈ ಮನೆಯಲ್ಲಿ ನಾನು, ಅಕ್ಕ ಇಬ್ಬರೇ. ಗಂಡ ತೀರಿದ ಮೇಲೆ ಅವಳು ಇಲ್ಲಿಗೆ ಬಂದಳು, ನಾನು ಮದುವೆಯಾದವಳಲ್ಲ. ಹದಿನಾರು ವರ್ಷದಿಂದ ಒಂದೇ ಒಲೆಯ ಮುಂದೆ ಕೂತು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದೆವು. ಹೀಗೆ ಬದುಕಿದವರು ಪೂರ್ತಿ ವಾಕ್ಯ ಆಡುವುದಿಲ್ಲ. “ಅಕಿ ಬಂದಿದ್ಲಲಾ...” ಅಂದರೆ ಸಾಕು, ಯಾರು, ಯಾಕೆ ಬಂದಿದ್ದರೆಂದು ಇನ್ನೊಬ್ಬಳಿಗೆ ತಿಳಿಯುತ್ತಿತ್ತು. ಅವಳು ಬಿಟ್ಟ ಮಾತನ್ನು ನಾನು ಮುಗಿಸುತ್ತಿದ್ದೆ, ನನ್ನದನ್ನು ಅವಳು. ಹೆಸರು ನೆನಪಾಗದಿದ್ದರೆ ‘ಅದು’ ಎಂದರಾಯಿತು.

ಅದಕ್ಕೇ ಆ ಬೆಳಿಗ್ಗೆಯಿಡೀ ಅವಳ ಬಾಯಿಂದ ಒಂದು ವಸ್ತುವಿನ ಹೆಸರೂ ಹೊರಡಲಿಲ್ಲ ಎಂಬುದು ನನಗೆ ತಿಳಿಯಲಿಲ್ಲ. ಖಾಲಿ ಜಾಗಗಳನ್ನೆಲ್ಲ ನಾನೇ ತುಂಬುತ್ತ ಹೋದೆ. ಮಧ್ಯಾಹ್ನ ಅವಳ ಬಲಗೈಯಿಂದ ರೊಟ್ಟಿ ಜಾರಿ ಬಿತ್ತು. ಮುಖ ನೋಡಿದೆ. ಬಾಯಿ ವಾರೆಯಾಗಿತ್ತು.

ನೆರೆಮನೆಯವರ ಗಾಡಿಯಲ್ಲಿ ಧಾರವಾಡಕ್ಕೆ ಹೋದೆವು. ಸ್ಕ್ಯಾನ್ ನೋಡಿ ಡಾಕ್ಟರು ಕೇಳಿದರು: “ಮಾತು ಯಾವಾಗಿಂದ ಹಿಂಗಾಗೇತ್ರಿ?”

ನೆನಪಿಸಿಕೊಂಡು ಹೇಳಿದೆ. ಅವರು ಗಡಿಯಾರ ನೋಡಿದರು. ಇದು ಸ್ಟ್ರೋಕ್, ಮಿದುಳಿನಲ್ಲಿ ಮಾತಿನ ಭಾಗಕ್ಕೇ ಪೆಟ್ಟಾಗಿದೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ವೇಳೆ ಮೀರಿದೆ ಎಂದರು.

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸ್ವಾಧೀನ ತಪ್ಪಿದ್ದ ಬಲಗಾಲು ಫಿಸಿಯೋಥೆರಪಿಯಿಂದ ಮರಳಿ ಬಂತು. ಕೈ ಅರ್ಧ ಬಂತು. ಮಾತು ಬರಲಿಲ್ಲ. ಸ್ಪೀಚ್ ಥೆರಪಿಸ್ಟ್ ಆಕಳ ಚಿತ್ರ ತೋರಿಸಿದರೆ ಅಕ್ಕ ಅದನ್ನೇ ನೋಡುತ್ತ ಅಳುತ್ತಿದ್ದಳು. ಆದರೆ ನಾನು ಏನಾದರೂ ಹೇಳುತ್ತಿದ್ದರೆ, ಸರಿಯಾದ ಜಾಗಕ್ಕೆ “ಹೂಂ,” “ಹೌದಲಾ” ಅನ್ನುತ್ತಿದ್ದಳು, ಹಳೆಯ ರಾಗದಲ್ಲೇ. ಹೆಸರುಗಳೆಲ್ಲ ಹೋಗಿ, ನಾವೆಂದೂ ಮಾತೆಂದು ಎಣಿಸದ ಈ ಸಣ್ಣ ದನಿಗಳು ಉಳಿದಿದ್ದವು.

ಥೆರಪಿಸ್ಟ್ ನನ್ನನ್ನು ಹೊರಗೆ ಕರೆದು ಹೇಳಿದಳು: “ಅವರ ಮಾತು ನೀವು ಮುಗಸಬ್ಯಾಡ್ರಿ. ಎಷ್ಟ ಹೊತ್ತಾದ್ರೂ ಕಾಯ್ರಿ.”

ಅಷ್ಟು ಕಷ್ಟದ ಕೆಲಸ ನಾನು ಮಾಡಿದ್ದಿಲ್ಲ. ಅಕ್ಕ ಒಂದು ಶಬ್ದಕ್ಕಾಗಿ ತಡಕಾಡುವಳು. ಅದು ನನ್ನ ನಾಲಿಗೆಯ ತುದಿಯಲ್ಲೇ ಇರುವುದು. ತುಟಿ ಕಚ್ಚಿ ಕೂಡುತ್ತಿದ್ದೆ.

ಮೂರನೆಯ ತಿಂಗಳು, ಅವಳ ತಲೆ ಬಾಚುತ್ತಿರುವಾಗ ಎಲ್ಲ ಹೇಳಿಬಿಟ್ಟೆ. ಅವತ್ತು ಬೆಳಿಗ್ಗೆಯೇ ಶುರುವಾಗಿತ್ತು, ಪಕ್ಕದಲ್ಲೇ ಕೂತಿದ್ದ ನನಗೆ ತಿಳಿಯಲಿಲ್ಲ, ನನ್ನಿಂದಲೇ ನಿನ್ನ ಮಾತು ಹೋಯಿತು ಎಂದೆ. ಅವಳು “ಹೂಂ” ಅನ್ನಲಿಲ್ಲ. ನನ್ನ ಕಡೆ ತಿರುಗಿದಳು. ತುಟಿ ಅಲುಗಿತು, ನಿಂತಿತು. ಕಾದೆ.

“ನನಗ...” ಮತ್ತೆ ಬಹಳ ಹೊತ್ತು. “ನನಗೂ... ಗೊತ್ತ... ಆಗಲಿಲ್ಲ.”

ಸ್ಟ್ರೋಕ್ ಆದ ಮೇಲೆ ಅವಳು ಪೂರ್ತಿ ಮಾಡಿದ ಮೊದಲ ಮಾತು ಅದು. ಇಬ್ಬರೂ ಅತ್ತೆವು.

ಈಗ ಒಂದೊಂದೇ ಶಬ್ದ ಬರುತ್ತಿದೆ. ನೀರು, ಉಪ್ಪು, ಸಾಕು. ಎಲ್ಲವೂ ಬರುತ್ತವೆಂದು ಡಾಕ್ಟರು ಹೇಳಿಲ್ಲ, ನಾನೂ ಕೇಳಿಲ್ಲ. ಗಂಗವ್ವ ಎಂಬ ನನ್ನ ಹೆಸರು ಇನ್ನೂ ಅವಳ ಬಾಯಿಗೆ ಬಂದಿಲ್ಲ. “ಏ” ಅನ್ನುತ್ತಾಳೆ. ನಾನು “ಓ” ಅನ್ನುತ್ತೇನೆ. ಕರೆಯುವವಳು ಇದ್ದಾಳಲ್ಲ.