ಕತ್ತರಿಯ ತುದಿ ಕಳಚಿದ ದಿನ

ಕೊರೋನಾ ಕಾಟ ಕಳೆದ ಮೇಲೆ ಬಂದ ಎರಡನೆಯ ದಸರಾ. ಶಿರಾ ಸೀಮೆಯ ಇಪ್ಪತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ (ಹೆಸರು ಬೇಡ) ನಾನು ಆಪರೇಷನ್ ಥಿಯೇಟರಿನ ಇನ್‌ಚಾರ್ಜ್ ನರ್ಸ್ ಆಗಿದ್ದೆ. ಸಲಕರಣೆ ತೊಳೆಯುವುದು, ಆಟೋಕ್ಲೇವ್ ಎಂಬ ದೊಡ್ಡ ಹಬೆಪಾತ್ರೆಯಲ್ಲಿ ಇಡುವುದು, ಸರ್ಜನ್ ಕೈಗೆ ಎಣಿಸಿ ಕೊಟ್ಟು ಎಣಿಸಿ ವಾಪಸ್ ತೆಗೆದುಕೊಳ್ಳುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ರಕ್ತ ಒರೆಸುವ ಗಾಜ್ ಬಟ್ಟೆಯ ಒಂದು ತುಂಡೂ ಲೆಕ್ಕ ತಪ್ಪಿರಲಿಲ್ಲ. ದಿನಾ ಮನೆಗೆ ಹೊರಡುವ ಮುಂಚೆ ಅಂದಿನ ಕೇಸುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ. ಈಗಲೂ ಅದನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಆ ವರ್ಷ ನಮಗೆ ಹೊಸ ಬಗೆಯ ಲ್ಯಾಪ್ರೊಸ್ಕೋಪಿ ಕತ್ತರಿ ಬಂದಿತ್ತು. ಲ್ಯಾಪ್ರೊಸ್ಕೋಪಿ ಎಂದರೆ ಹೊಟ್ಟೆ ಉದ್ದಕ್ಕೆ ಕೊಯ್ಯದೆ ಮೂರ್ನಾಲ್ಕು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಕಡ್ಡಿಯಂಥ ಸಲಕರಣೆ ತೂರಿಸಿ, ಪರದೆ ನೋಡಿಕೊಂಡು ಮಾಡುವ ಆಪರೇಷನ್. ಹಳೆಯ ಕತ್ತರಿ ಒಂದೇ ಅಖಂಡ ತುಂಡು, ಮೊಂಡಾದರೆ ಮುಗಿಯಿತು. ಹೊಸದರಲ್ಲಿ ಹಿಡಿಕೆಯನ್ನೂ ಉದ್ದನೆಯ ಕಡ್ಡಿಯನ್ನೂ ತೊಳೆದು ಮತ್ತೆ ಮತ್ತೆ ಬಳಸಬಹುದು. ಕತ್ತರಿಸುವ ತುದಿ ಮಾತ್ರ, ಲವಂಗದಷ್ಟು ದೊಡ್ಡದು, ಕೇಸಿಗೊಂದು ಹೊಸದು. ಕಡ್ಡಿಯ ಬಾಯೊಳಗೆ ತಿರುಪಿನ ಗೆರೆಗಳಿರುತ್ತವಲ್ಲ, ಥ್ರೆಡ್ ಅನ್ನುತ್ತಾರಲ್ಲ, ಅದಕ್ಕೆ ತುದಿಯನ್ನು ತಿರುಗಿಸಿ ಕೂರಿಸಬೇಕು.

ಆಯುಧಪೂಜೆಗೆ ಥಿಯೇಟರ್ ತೊಳೆದು, ಸಲಕರಣೆಗಳನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಜೋಡಿಸಿ, ತೇಯ್ದ ಗಂಧಕ್ಕೆ ಕುಂಕುಮ ಕಲಸಿ ಬೊಟ್ಟಿಡುವುದು ಪ್ರತಿ ವರ್ಷ ನನ್ನ ಪಾಲು. ಹಿಡಿಕೆಗೊಂದು, ತುದಿಗೊಂದು. ಹೊಸ ಕತ್ತರಿಗೆ ಆಗ ತುದಿ ಹಾಕಿರಲಿಲ್ಲ. ಬಿಡುವುದು ಬೇಡ ಎಂದು ಕಡ್ಡಿಯ ಬಾಯಿಗೇ ಒಂದು ಬೊಟ್ಟಿಟ್ಟೆ. ವಿಜಯದಶಮಿಯ ಮಾರನೇ ದಿನ ಎಲ್ಲವನ್ನೂ ಬ್ರಷ್ ಹಾಕಿ ಉಜ್ಜಿ, ಎರಡು ಸಲ ಹಬೆಗೆ ಇಟ್ಟೆ.

ಅದರ ನಂತರದ ಮೊದಲ ಕೇಸು ಹನುಮಕ್ಕನದು. ಬರಗೂರು ಕಡೆಯ ಹೆಂಗಸು, ನಲವತ್ತೆರಡು ವಯಸ್ಸು, ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆಯವಳು. ಪಿತ್ತಕೋಶದ ತುಂಬ ಕಲ್ಲು. ದಸರಾ ರಜೆಯಲ್ಲೇ ಆಪರೇಷನ್ ಆಗಬೇಕೆಂದು ಹಟ ಹಿಡಿದು ಬಂದಿದ್ದಳು. ಸ್ಕೂಲು ಶುರುವಾಗಲು ಒಂಬತ್ತು ದಿನ. ಆ ಹೊತ್ತಿಗೆ ಒಲೆಯ ಮುಂದೆ ನಿಲ್ಲದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತಾರೆ ಎಂಬ ಭಯ. ಹೊಟ್ಟೆ ಕೊಯ್ದರೆ ಎರಡು ತಿಂಗಳು ಆ ಕಡೆ ತಲೆ ಹಾಕುವ ಹಾಗಿಲ್ಲ.

ಥಿಯೇಟರಿನ ಬಾಗಿಲಲ್ಲಿ ಅವಳ ಅತ್ತೆ ನನ್ನ ಕೈ ಹಿಡಿದುಕೊಂಡರು. "ಸಿಸ್ಟರಮ್ಮ, ತೂತು ಅಂತ ಮಾತಾಗೈತೆ. ಕುಯ್ಯಂಗಿಲ್ಲ ಕಣಮ್ಮ."

ಸ್ಟ್ರೆಚರ್ ಮೇಲಿಂದ ಹನುಮಕ್ಕ ನಕ್ಕಳು. "ನನ್ ಹೊಟ್ಟೆ ಚಿಂತೆ ಅಲ್ಲ ಬುಡಿ ಸಿಸ್ಟ್ರೇ. ನಾನು ಮಲಿಕ್ಕೊಂಡ್ರೆ ಮುದ್ದೆ ತೊಳಸೋರು ಯಾರು ಅಂತ ಅತ್ತೆಗೆ ಭಯ."

ಹತ್ತೂವರೆಗೆ ಶುರುವಾಯಿತು. ಹೊಸ ತುದಿಯನ್ನು ನಾನೇ ತಿರುಗಿಸಿ ಹಾಕಿದೆ. ಬಿಗಿಯಾಯಿತು. ಎರಡು ಸಲ ಕಚ್ಚಿಸಿ ನೋಡಿ ಕೊಟ್ಟೆ. ಸರ್ಜನ್ ಪಿತ್ತನಾಳಕ್ಕೆ ಕ್ಲಿಪ್ ಹಾಕಿ, ಕತ್ತರಿಸಿ, ಕತ್ತರಿಯನ್ನು ನನಗೆ ವಾಪಸ್ ಕೊಟ್ಟರು. ಟ್ರೇಯಲ್ಲಿಟ್ಟೆ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದರು, ಕೊಟ್ಟೆ. ಕಡ್ಡಿ ಒಳಗೆ ಹೋಯಿತು. ಪರದೆಯ ಮೇಲೆ ಕಂಡದ್ದು ಬರೀ ಕಡ್ಡಿಯ ಬಾಯಿ.

"ಸಿಸ್ಟರ್, ಏನು ಕೊಟ್ಟಿದ್ದೀರಿ ಇದು?"

ನನ್ನ ಎಣಿಕೆಯ ಹಾಳೆಯಲ್ಲಿ 'ಕತ್ತರಿ: ಒಂದು' ಎಂದಿತ್ತು. ಕತ್ತರಿ ಕಣ್ಣೆದುರೇ ಇತ್ತು, ಲೆಕ್ಕ ಸರಿಯಾಗಿತ್ತು. ತುದಿ ಇರಲಿಲ್ಲ. ವಾಪಸ್ ಬಂದಾಗ ಹಿಡಿಕೆ ನೋಡಿದ್ದೆನೇ ಹೊರತು ಇನ್ನೊಂದು ಕೊನೆ ನೋಡಿರಲಿಲ್ಲ.

ಟ್ರೇ ಹುಡುಕಿದೆವು. ಹೊದಿಸಿದ ಬಟ್ಟೆಯ ಮಡಿಕೆ, ನೆಲ, ತೂತಿಗೆ ಹಾಕಿದ್ದ ಕೊಳವೆ, ಎಲ್ಲೂ ಇಲ್ಲ. ಇನ್ನು ಹೊಟ್ಟೆಯ ಒಳಗೇ. ಯಕೃತ್ತಿನ ಕೆಳಗೆ, ಕರುಳಿನ ಸುರುಳಿಗಳ ಸಂದಿಯಲ್ಲಿ ಕ್ಯಾಮೆರಾ ತಿರುಗಿತು. ಸರ್ಜನ್ ಗಡಿಯಾರ ನೋಡಿದರು. "ಇನ್ನು ಹದಿನೈದು ನಿಮಿಷ. ಸಿಗದಿದ್ದರೆ ಓಪನ್ ಮಾಡ್ತೀನಿ."

ಹೊರಗೆ ಬೆಂಚಿನ ಮೇಲೆ ಕೂತ ಆ ಅತ್ತೆಯ ಮುಖ ಕಣ್ಣಿಗೆ ಕಟ್ಟಿತು. ಆಗ ನನ್ನ ಮೊಣಕೈ ಟೇಬಲ್ಲಿನ ಅಂಚಿಗೆ ತಾಗಿತು. ಈ ಆಪರೇಷನ್ನಿಗೆ ಟೇಬಲ್ಲನ್ನು ತಲೆಯ ಕಡೆ ಎತ್ತರಿಸಿರುತ್ತೇವೆ, ಕರುಳು ಕೆಳಗೆ ಸರಿಯಲಿ ಎಂದು.

"ಸರ್, ತಲೆ ಎತ್ತಿದೆ. ಜಾರಿದ್ದರೆ ಕಾಲಿನ ಕಡೆ ಜಾರಿರುತ್ತೆ."

ಅವರು ಎಕ್ಸ್‌ರೇ ಮಷಿನ್ ತಳ್ಳಿಕೊಂಡು ಬರಲು ಹೇಳಿದರು. ಚಿತ್ರದಲ್ಲಿ, ನಾವು ಹುಡುಕುತ್ತಿದ್ದ ಜಾಗದಿಂದ ಒಂದು ಗೇಣು ಕೆಳಗೆ, ಸೊಂಟದ ಮೂಳೆಯ ಹತ್ತಿರ, ಚಿಕ್ಕ ಬಿಳಿ ಲವಂಗ. ಕ್ಯಾಮೆರಾ ಅತ್ತ ತಿರುಗಿಸಿ, ಚಿಮಟದಲ್ಲಿ ಹಿಡಿದು, ಸಣ್ಣ ಚೀಲದೊಳಗೆ ಹಾಕಿ ಹೊಕ್ಕುಳಿನ ತೂತಿನಿಂದಲೇ ಹೊರಗೆ ತಂದರು. ಒಳಗೆ ಎಲ್ಲೂ ಗಾಯವಾಗಿರಲಿಲ್ಲ. ನಲವತ್ತು ನಿಮಿಷ ತಡ ಅಷ್ಟೇ.

ಮಧ್ಯಾಹ್ನ ತೊಳೆಯುವ ಕೋಣೆಯಲ್ಲಿ ಆ ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬಾಯೊಳಗೆ ಸೂಜಿ ಹಾಕಿ ಗೀಚಿದೆ. ಗಾರೆಯ ಹಾಗೆ ಗಟ್ಟಿಯಾದ ಒಂದು ಚೂರು ಉದುರಿ ಅಂಗೈಗೆ ಬಿತ್ತು. ಕಂದುಗೆಂಪು. ರಕ್ತ ಎಂದುಕೊಂಡೆ. ಬೆರಳಲ್ಲಿ ಉಜ್ಜಿದೆ.

ಕುಂಕುಮ. ನಾನೇ ಇಟ್ಟದ್ದು.

ಗಂಧದೊಂದಿಗೆ ಒಣಗಿ, ಹಬೆಯಲ್ಲಿ ಬೆಂದು, ಥ್ರೆಡ್‌ನ ಗೆರೆಗಳಲ್ಲಿ ಕಚ್ಚಿಕೊಂಡಿತ್ತು. ನಾಲ್ಕು ಸುತ್ತು ಹೋಗಬೇಕಾದ ತುದಿ ಎರಡೇ ಸುತ್ತಿಗೆ ಅದಕ್ಕೆ ತಡೆದು ನಿಂತಿತ್ತು. ನಾನು ಅದನ್ನೇ ಬಿಗಿ ಎಂದುಕೊಂಡಿದ್ದೆ. ಇಷ್ಟು ವರ್ಷ ಬೊಟ್ಟಿಟ್ಟಿದ್ದೆಲ್ಲ ಅಖಂಡ ಕಬ್ಬಿಣಕ್ಕೆ, ತೊಳೆದರೆ ಹೋಗುತ್ತಿತ್ತು. ಈ ಕತ್ತರಿಯ ಬಾಯೊಳಗೆ ಬೊಟ್ಟು ಇಳಿದು ಕೂರಬಹುದು ಎಂಬುದು ಹೊಳೆದೇ ಇರಲಿಲ್ಲ.

ಸರ್ಜನ್ ಕೋಣೆಗೆ ಹೋದಾಗ ಅವರು ಕಂಪನಿಗೆ ದೂರು ಬರೆಯುತ್ತಿದ್ದರು, ಮಾಲು ಸರಿಯಿಲ್ಲವೆಂದು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಆ ಯೋಚನೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಅಂಗೈ ಚಾಚಿ ತೋರಿಸಿದೆ, ಎಲ್ಲ ಹೇಳಿದೆ.

ಅವರು ಆ ಚೂರನ್ನು ಬೆಳಕಿಗೆ ಹಿಡಿದು ನೋಡಿದರು. ಬರೆದ ಹಾಳೆ ಹರಿದರು. "ಮಂಗಳಾರತಿ ತಗೊಳ್ಳೋವಾಗ ನಾನೂ ಅಲ್ಲೇ ಇದ್ದೆ ಸಿಸ್ಟರ್. ನನಗೂ ಕಾಣಲಿಲ್ಲ. ಆಕೆಗೆ ಹೇಳಬೇಕು."

"ನಾನೇ ಹೇಳ್ತೀನಿ ಸರ್."

ಮಾರನೇ ಬೆಳಿಗ್ಗೆ ಹನುಮಕ್ಕ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅತ್ತೆ ಬಾಯಿ ಮೇಲೆ ಸೆರಗು ಹಿಡಿದರು. "ಅಯ್ಯೋ ಶಿವನೇ, ಹೊಟ್ಟೆ ಒಳ್ಗಾ?" ಹನುಮಕ್ಕ ಲೋಟ ಕೆಳಗಿಟ್ಟಳು. ಬೈಯಲಿ ಎಂದು ಕಾದೆ.

"ಬೈಯೋಕೆ ಬಾಯಿ ಬತ್ತೈತೆ ಸಿಸ್ಟ್ರೇ. ನೀವೇ ಬಂದು ಹೇಳಿದ್ರಲ್ಲ, ಅದಕ್ಕೆ ತಡ್ಕಂಡೆ." ಲೋಟವನ್ನು ಅತ್ತ ಸರಿಸಿದಳು. "ಸ್ಕೂಲಾಗೆ ನಾನೂ ಕುಕ್ಕರ್‌ಗೆ ಪೂಜೆ ಮಾಡ್ತೀನಿ. ಆದ್ರೆ ವಿಸಿಲ್ ಬಿಚ್ಚಿ ಆಚೆ ಮಡಗಿ, ಆಮ್ಯಾಕೆ ಬೊಟ್ಟಿಡ್ತೀನಿ. ಕಿಂಡಿ ಕಟ್ಕಂಡ್ರೆ ಹೆಂಗೆ? ಮಕ್ಕಳಿರೋ ಜಾಗ."

ಅವಳಿಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ.

ಸ್ಕೂಲು ತೆರೆದ ದಿನ ಹನುಮಕ್ಕ ಒಲೆಯ ಮುಂದಿದ್ದಳು. ಭಾರ ಎತ್ತಬಾರದೆಂದು ನಾವು ಹೇಳಿದ್ದರಿಂದ ಪಾತ್ರೆ ಇಳಿಸಲು ಅತ್ತೆಯೇ ಹೋಗಿದ್ದರಂತೆ. ನನ್ನ ಹಾಳೆಯಲ್ಲಿ ಅಂದಿನಿಂದ 'ಕತ್ತರಿ: ಒಂದು' ಎಂಬ ಸಾಲಿಲ್ಲ. ಹಿಡಿಕೆ ಒಂದು, ಕಡ್ಡಿ ಒಂದು, ತುದಿ ಒಂದು. ಕೊಡುವಾಗ ಒಮ್ಮೆ, ಬಂದಾಗ ಒಮ್ಮೆ, ಬಾಯಿಬಿಟ್ಟು ಹೇಳಿ ಎಣಿಸುತ್ತೇನೆ. ಬಿಡಿಬಿಡಿಯಾಗಿ ಬರುವ ವಸ್ತುವನ್ನು ಬಿಡಿಬಿಡಿಯಾಗಿಯೇ ತೊಳೆಯಬೇಕು, ನೋಡಬೇಕು, ಎಣಿಸಬೇಕು. ಕೆಲಸ ನನಗೆ ಕಲಿಸಿದ್ದು ಇದು. ಕಲಿಸಿಕೊಟ್ಟವಳು ಹನುಮಕ್ಕ, ನನ್ನದೇ ಟೇಬಲ್ಲಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದವಳು.

ಆಯುಧಪೂಜೆ ಈಗಲೂ ಮಾಡುತ್ತೇನೆ. ಬೊಟ್ಟು ಮಾತ್ರ ಸಲಕರಣೆ ಪೆಟ್ಟಿಗೆಯ ಮುಚ್ಚಳಕ್ಕೆ.