ಏಳನೆಯ ಸಾಲಿನ ಮೂರು

ಮೂರು ಎಂಬ ಅಂಕಿಯ ಸುತ್ತ ನಾನು ಎಳೆದ ವೃತ್ತ ಪೂರ್ತಿ ಕೂಡಿರಲಿಲ್ಲ. ಕೊನೆಯಲ್ಲಿ ಅಕ್ಕಿಕಾಳಿನಷ್ಟು ಜಾಗ ಉಳಿದಿತ್ತು. ಅಂಕ ಕೊಡುವ ನಮೂನೆಯ ಏಳನೆಯ ಸಾಲು ಅದು: ‘ವಿದ್ಯಾರ್ಥಿಗಳ ಗಮನ ಹಿಡಿದಿಡುವ ಸಾಮರ್ಥ್ಯ’. ಐದಕ್ಕೆ ಮೂರು.

ಕಾಲೇಜು ಅಧ್ಯಾಪಕರ ಒಂದು ವಾರದ ತರಬೇತಿಗೆ ನಾಶಿಕದಿಂದ ಸಂಭಾಜಿನಗರಕ್ಕೆ ನಾನೂ ನನ್ನ ಸಹೋದ್ಯೋಗಿಯೊಬ್ಬಳೂ ಹೋಗಿದ್ದೆವು. ಇಬ್ಬರೂ ಒಂದೇ ಕಾಲೇಜಿನಲ್ಲಿ ಭೌತಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿಯರು. ನಮ್ಮದು ಬೀದರ ಕಡೆಯ ಮನೆ. ಅವಳ ತಂದೆಯದು ನಾಶಿಕದ ಸಾತಪುರದಲ್ಲಿ ಉಡುಪಿ ಹೋಟೆಲು. ವಿಭಾಗದಲ್ಲಿ ಖಾಲಿಯಿದ್ದದ್ದು ಒಂದೇ ಖಾಯಂ ಹುದ್ದೆ. ತರಬೇತಿಯ ಮಾದರಿ ಪಾಠದಲ್ಲಿ ಹೆಚ್ಚು ಅಂಕ ಬಂದವರು ಹಿಂದಿರುಗಿದ ಮೇಲೆ ಇಡೀ ಸಿಬ್ಬಂದಿಯ ಮುಂದೆ ಪಾಠ ಮಾಡಬೇಕು, ಅಂದು ಆಯ್ಕೆ ಸಮಿತಿಯವರೂ ಕೂರುತ್ತಾರೆ ಎಂದು ಪ್ರಾಂಶುಪಾಲರು ಹೇಳಿ ಕಳಿಸಿದ್ದರು. ಅರ್ಧ ಅಂಕ ತರಬೇತುದಾರರದು, ಅರ್ಧ ಜೊತೆಗಾರರದು. ಅವಳ ಪಾಠಕ್ಕೆ ನಾನು ಅಂಕ ಕೊಡಬೇಕು, ನನ್ನದಕ್ಕೆ ಅವಳು.

ಎರಡನೆಯ ದಿನಕ್ಕೇ ಎಲ್ಲರೂ ಅವಳ ಹೆಸರು ಹಿಡಿದು ಕರೆಯುತ್ತಿದ್ದರು. ಊಟದ ಸಾಲಿನಲ್ಲಿ ಅವಳಿಗೆ ಜಾಗ ಬಿಡುತ್ತಿದ್ದರು. ನನ್ನನ್ನು ‘ನಾಶಿಕದ ಇನ್ನೊಬ್ಬ ಮೇಡಮ್’ ಎನ್ನುತ್ತಿದ್ದರು. ನಾನು ಮೂರು ಸಂಜೆ ಕೂತು ಇಪ್ಪತ್ತೆರಡು ಸ್ಲೈಡ್ ಮಾಡಿದೆ. ಅವಳು ಹಾಸಿಗೆಯ ಮೇಲೆ ಕಾಲು ಚಾಚಿ ಮೊಬೈಲ್ ನೋಡುತ್ತಿದ್ದಳು.

“ಏನರೆ ತಯಾರಿ ಮಾಡ್ಕೋರಿ,” ಅಂದೆ.

“ಆಗ್ತದೆ ಅಕ್ಕ, ಟೆನ್ಶನ್ ಯಾಕೆ ಮಾರಾಯ್ರೆ. ಇಲ್ಲಿ ನಮ್ಮ ಮಾಮನ ಹೋಟೆಲ್ ಉಂಟಲ್ಲ.”

ಮಾಮನ ಹೋಟೆಲಿಗೂ ಪಾಠಕ್ಕೂ ಏನು ಸಂಬಂಧವೆಂದು ಮರುದಿನ ತಿಳಿಯಿತು. ಒಂದು ಸ್ಟೀಲ್ ಡಬ್ಬಿಯಲ್ಲಿ ದೋಸೆ ಹಿಟ್ಟು ತಂದಿದ್ದಳು. ಓರೆಯಾಗಿಟ್ಟ ತಟ್ಟೆಯ ಮೇಲೆ ಒಂದು ಸೌಟು ನೀರು, ಪಕ್ಕದಲ್ಲಿ ಒಂದು ಸೌಟು ಹಿಟ್ಟು ಸುರಿದಳು. ಯಾವುದು ಮೊದಲು ಕೆಳಗಿಳಿಯುತ್ತದೆ, ಯಾಕೆ? ದ್ರವ ಹರಿಯುವಾಗ ಒಳಗೇ ಹುಟ್ಟುವ ತಡೆಯನ್ನು ಅಷ್ಟರಲ್ಲೇ ಹೇಳಿ ಮುಗಿಸಿದಳು. ನಾನು ಸ್ಲೈಡುಗಳಲ್ಲಿ ಸೂತ್ರ ಹಾಕಿ ವಿವರಿಸಿದ್ದೂ ಅದನ್ನೇ. ನನ್ನ ಪಾಠದಲ್ಲಿ ಇಬ್ಬರು ಆಕಳಿಸಿದ್ದರು. ಈಗ ಹಿಂದಿನ ಸಾಲಿನವರು ಎದ್ದು ಮುಂದೆ ಬಂದರು.

“ಮೇಡಮ್, ಆತಾ ಚಟ್ನೀ ಆಣಾ!” ಈಗ ಚಟ್ನಿ ತನ್ನಿ ಎಂದು ಯಾರೋ ಮರಾಠಿಯಲ್ಲಿ ಕೂಗಿದರು.

“ಪಾಸಾದರೆ ಚಟ್ನಿ, ಫೇಲಾದರೆ ಬರೀ ನೀರು,” ಅವಳೂ ಮರಾಠಿಯಲ್ಲೇ ಅಂದಳು. ಕೋಣೆಯೆಲ್ಲ ನಗು. ನಾನೂ ನಕ್ಕೆ. ನಗುತ್ತಲೇ ಏಳನೆಯ ಸಾಲಿಗೆ ಬಂದು ಮೂರರ ಸುತ್ತ ಪೆನ್ನು ತಿರುಗಿಸಿದೆ.

ಕೊನೆಯ ದಿನ ತರಬೇತುದಾರರು ಮೊತ್ತ ಓದಿದರು. ಅವಳಿಗಿಂತ ನನಗೆ ಒಂದು ಅಂಕ ಹೆಚ್ಚು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಅವಳೇ. ನಮೂನೆಗಳನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಪ್ರಾಂಶುಪಾಲರಿಗೆ ತಲುಪಿಸಿ ಎಂದು ನನ್ನ ಕೈಗೆ ಕೊಟ್ಟರು.

ಬಸ್ಸಿನಲ್ಲಿ, ದೌಲತಾಬಾದ್ ಕೋಟೆ ಹಿಂದೆ ಸರಿದ ಮೇಲೆ ಅವಳು ಅಂದಳು: “ಆ ಟ್ರೈನರ್ ಸರ್ ಎಂಥ ಖಡೂಸ್ ಅಕ್ಕ! ನಗ್ತಾ ನಗ್ತಾ ನನ್ನ ಮಾರ್ಕ್ಸ್ ಕಟ್ ಮಾಡಿದ್ರು ನೋಡಿ. ನೀವಂತೂ ಫುಲ್ ಹಾಕಿರ್ತೀರಿ. ನಾನು ನಿಮಗೆ ಎಲ್ಲಾ ಸಾಲಿಗೂ ಐದೇ ಹಾಕಿದ್ದು.”

“ಹೌದೇನ್ರಿ,” ಅಂದೆ. ಅವಳು ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಹಾಗೆ ನಿದ್ದೆ ಮಾಡಬಲ್ಲಳಲ್ಲ ಎಂದು ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಲಕೋಟೆ ನಾಶಿಕದವರೆಗೂ ನನ್ನ ತೊಡೆಯ ಮೇಲಿತ್ತು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ಲಕೋಟೆ ಒಡೆಯುತ್ತಿದ್ದಂತೆ, ನಾನು ಒಂದು ಸಾಲಿಗೆ ಕೊಟ್ಟ ಅಂಕ ತಿದ್ದಬೇಕಿದೆ ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ ಕಾಗದವನ್ನು ನನ್ನತ್ತ ತಳ್ಳಿದರು.

“ಉತ್ತರಪತ್ರಿಕೆಯಲ್ಲಿ ಹೇಗೆ ತಿದ್ದುತ್ತೀರೋ ಹಾಗೇ. ಹೊಡೆದುಹಾಕಿ, ಹೊಸ ಅಂಕ ಬರೆದು, ಪಕ್ಕದಲ್ಲಿ ಕಾರಣ, ಪೂರ್ತಿ ಸಹಿ.”

ಇನ್ನು ಅವಳೇ ನನಗಿಂತ ಒಂದು ಅಂಕ ಮುಂದಾಗುತ್ತಾಳೆ ಎಂಬುದು ಲೆಕ್ಕ ಹಾಕದೆಯೇ ಗೊತ್ತಿತ್ತು. ಪಾಠ ಮಾಡಿದವರಿಗೇ ಕೊನೆಗೆ ಕೊಡುವ ಈ ಕಾಗದ ಅವಳ ಕೈಗೂ ಹೋಗುತ್ತದೆ ಎಂಬುದೂ. ಮೂರನ್ನು ಹೊಡೆದು ಐದು ಬರೆದೆ. ಕಾರಣವೆಂದು ‘ನಾನು ನೋಡಿದ್ದು ಐದು’ ಎಂದಷ್ಟೇ ಬರೆದು, ಸಹಿ ಹಾಕಿ, ಒಂಬತ್ತರ ತರಗತಿಗೆ ಹೋದೆ.